ಅಕ್ಕನ ಹನ್ನೊಂದು ಮರ ಮತ್ತು ನನ್ನ ಡ್ರೋನು

ಡ್ರೋನು ಬಂದ ದಿನ ನನ್ನ ಹೆಂಡತಿ ಅದನ್ನು ಪೆಟ್ಟಿಗೆಯಿಂದ ತೆಗೆದು ಅಂಗೈ ಮೇಲಿಟ್ಟುಕೊಂಡು ತೂಗಿ ನೋಡಿದಳು. "ಏನ್ರೀ ಇದು? ಎರಡು ಕೊಬ್ಬರಿ ಗಿಟುಕಿನಷ್ಟೂ ತೂಕ ಇಲ್ಲ. ಇದಕ್ಕಾ ಅಷ್ಟೊಂದು ದುಡ್ಡು ಸುರಿದಿದ್ದು?" ಅಂದಳು. ಹಗುರ ಇದ್ದಷ್ಟೂ ಒಳ್ಳೇದು ಕಣೇ, ಕಲಿಯೋರಿಗೆ ಅಂತಲೇ ಮಾಡಿರೋದು, ಕ್ಯಾಮೆರಾ ಬೇರೆ ಇದೆ ಎಂದು ವೀಡಿಯೊ ನೋಡಿ ಬಾಯಿಪಾಠ ಮಾಡಿದ್ದನ್ನೆಲ್ಲ ಒಪ್ಪಿಸಿದೆ. "ಕಲಿಯೋರು ಅಂದ್ರೆ ಹುಡುಗರು ಕಣ್ರೀ. ನಿಮಗೆ ಐವತ್ತಾರು" ಎಂದು ಹೇಳಿ ಅವಳು ಸಾರಿಗೆ ಒಗ್ಗರಣೆ ಹಾಕಲು ಒಳಗೆ ಹೋದಳು.

ತಿಪಟೂರಿನಲ್ಲಿ ನನ್ನದು ಮೋಟರು, ಪೈಪು, ಡ್ರಿಪ್ ಸಾಮಾನಿನ ಅಂಗಡಿ. ಮನೆ ಕಿಬ್ಬನಹಳ್ಳಿಯಿಂದ ಒಳಕ್ಕೆ, ತೋಟದಲ್ಲೇ. ಯಾವ ಮರಕ್ಕೆ ಎಷ್ಟು ನೀರು, ಯಾವ ಗೊಬ್ಬರ ಎಂದು ಅಂಗಡಿಗೆ ಬಂದವರಿಗೆಲ್ಲ ಪುಕ್ಕಟೆ ಬುದ್ಧಿ ಹೇಳುವವನು ನಾನು. ನನ್ನ ತೋಟದ ಪೈಪು ಒಡೆದರೆ ಹಳೇ ಟ್ಯೂಬು ಸುತ್ತಿ ಮೂರು ತಿಂಗಳು ಹಾಗೇ ಬಿಡುವವನೂ ನಾನೇ. ಊರಿಗೆ ಉಪಕಾರಿ, ಮನೆಗೆ ಮಾರಿ. ದಿನಾ ಬೆಳಿಗ್ಗೆ "ತೋಟ ಸುತ್ತಿಕೊಂಡು ಬತ್ತೀನಿ" ಎಂದು ಹೊರಡುತ್ತೇನೆ. ಸುತ್ತುವುದು ಎಂದರೆ ಪಂಪಿನ ಮನೆಯವರೆಗೆ ನಡೆದು, ಅಲ್ಲಿನ ಕಲ್ಲಿನ ಮೇಲೆ ಕೂತು ಫೋನು ನೋಡುವುದು. ಡ್ರೋನಿನ ಹುಚ್ಚು ಹತ್ತಿದ್ದು ಆ ಕಲ್ಲಿನ ಮೇಲೇ.

ಕೊಳ್ಳಲು ಹೆಂಡತಿಗೆ ಕೊಟ್ಟ ಕಾರಣ, ತೋಟದ ಉಸ್ತುವಾರಿಗೆ ಬೇಕು ಎಂದು. ನಿಜವಾದ ಕಾರಣ ಬೇರೆ. ಚಿಕ್ಕಂದಿನಲ್ಲಿ ನಾನು ಬಿಟ್ಟ ಒಂದು ಗಾಳಿಪಟವೂ ನೆಟ್ಟಗೆ ಹಾರಿದ್ದಿಲ್ಲ. ನಾಲ್ಕು ಮಾರು ಮೇಲೇಳುವಷ್ಟರಲ್ಲಿ ತೆಂಗಿನ ಗರಿಗೆ ಸಿಕ್ಕಿ ಹರಿದುಹೋಗುತ್ತಿತ್ತು. ಸಾಯುವುದರೊಳಗೆ ಮರಗಳ ತಲೆಯ ಮೇಲೆ ಏನಾದರೊಂದನ್ನು ಹಾರಿಸಬೇಕು ಎಂಬ ಆಸೆ ಈ ವಯಸ್ಸಿನವರೆಗೂ ಉಳಿದುಬಿಟ್ಟಿತ್ತು. ಇದನ್ನು ಹೆಂಡತಿಯ ಮುಂದೆ ಬಾಯಿಬಿಟ್ಟು ಹೇಳಲಾದೀತೇ?

ಮೊದಲ ದಿನ ಅದು ಹಾರಲೇ ಇಲ್ಲ. ದಿಕ್ಕು ಗೊತ್ತು ಮಾಡಿಕೊಳ್ಳಬೇಕಂತೆ, ಅದಕ್ಕೆ ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಲ್ಲೇ ಸುತ್ತಬೇಕಂತೆ. ಅಂಗಳದ ನಡುವೆ ನಿಂತು ಸುತ್ತಿದೆ. ಫೋನು ಒಪ್ಪಲಿಲ್ಲ. ಡ್ರೋನನ್ನು ಲಂಬವಾಗಿ ಹಿಡಿದು ಮತ್ತೆ ಸುತ್ತಿದೆ. ಪಂಚೆ ಸಡಿಲವಾಯಿತು, ತಲೆ ಗಿರ್ರೆಂದಿತು. ಸ್ಪ್ಯಾನರ್ ಕೇಳಲು ಬಂದಿದ್ದ ಪಕ್ಕದ ತೋಟದವನು ಗೇಟಿನ ಹತ್ತಿರವೇ ನಿಂತು, "ಯಾಕತ್ತಿಗೆ, ಅಣ್ಣಂಗೆ ಮೈಮೇಲೆ ಬಂದೈತಾ? ನಿಂಬೆಹಣ್ಣು ತರ್ಲಾ?" ಎಂದು ನನ್ನ ಹೆಂಡತಿಯನ್ನು ಕೇಳಿದ. ಅವಳು, "ಬಂದು ಒಂದು ವಾರ ಆಯ್ತು ಕಣಪ್ಪ" ಅಂದಳು.

ಮಾರನೆಯ ದಿನ ಹಾರಿತು. ಹಾರಿದ್ದಷ್ಟೇ ಅಲ್ಲ, ಗುಂಯ್‌ಗುಟ್ಟುತ್ತಾ ತೆಂಗಿನ ತಲೆ ದಾಟಿ ಮೇಲಕ್ಕೆ ಹೋಯಿತು. ಫೋನಿನಲ್ಲಿ ನಮ್ಮ ತೋಟ ಕಂಡಾಗ ನನ್ನ ಕಣ್ಣಲ್ಲಿ ನೀರೇ ಬಂತು ಎಂದರೆ ನಂಬಿ. ಆದರೆ ಇಳಿಸಲು ಗೊತ್ತಾಗಲಿಲ್ಲ. ಅದರಲ್ಲೊಂದು ಗುಂಡಿ ಇದೆ, ಒತ್ತಿದರೆ ಡ್ರೋನು ತಾನು ಹೊರಟ ಜಾಗದ ನೆತ್ತಿಗೆ ನೇರವಾಗಿ ಬಂದು ಅಲ್ಲೇ ಇಳಿಯುತ್ತದೆ. ಒತ್ತಿದೆ. ಬಿಸಿಲು ಎಂದು ನಾನು ಅದನ್ನು ಬಿಟ್ಟಿದ್ದು ಮರದ ಬುಡದಲ್ಲಿ. ಪಾಪ, ಅದು ಹೇಳಿದ ಮಾತು ಕೇಳಿ ನೇರ ಬಂದು ಮರದ ಸುಳಿಯೊಳಗೆ ಇಳಿಯಿತು. ಪಕ್ಕದ ತೋಟದವನೇ ಬಂದು ದೋಟಿ ಹಾಕಿ ಎಳೆದ. ಡ್ರೋನಿನ ಜೊತೆ ನಾಲ್ಕು ಎಳನೀರೂ ಬಿದ್ದವು. ಒಂದನ್ನು ಕೊಚ್ಚಿ ಕುಡಿಯುತ್ತಾ, "ಅಲ್ಲಣ್ಣ, ಹುಟ್ಟಿದಾಗಿಂದ ತೆಂಗಿನ ತೋಟದಲ್ಲೇ ಇದ್ದೀಯ, ಮೇಲೆ ಮರ ಐತೆ ಅಂತ ಗೊತ್ತಾಗಲಿಲ್ವಾ?" ಅಂದ. ಸ್ಪ್ಯಾನರ್ ಕೊಟ್ಟು ಕಳಿಸಿದೆ.

ತಿಂಗಳೊಪ್ಪತ್ತಿನಲ್ಲಿ ಕೈ ಹದಕ್ಕೆ ಬಂತು. ರೆಕ್ಕೆ ಎರಡು ಸಲ ಬದಲಾಯಿಸಿದೆ, ಹದ್ದೊಂದು ಅಟ್ಟಿಸಿಕೊಂಡು ಬಂದಾಗ ನಾನೇ ಓಡಿಹೋಗಿ ಮನೆಯೊಳಗೆ ಸೇರಿಕೊಂಡೆ, ಅದೆಲ್ಲ ಇರಲಿ. ತೆಗೆದ ವೀಡಿಯೊಗಳನ್ನು ನೆಂಟರಿಷ್ಟರಿಗೆಲ್ಲ ಕಳಿಸಿದೆ. ಚಿಕ್ಕನಾಯಕನಹಳ್ಳಿಯಲ್ಲಿರುವ ಅಕ್ಕನಿಗೂ ಫೋನು ಮಾಡಿ, ಇಡೀ ತೋಟ ಕೂತಲ್ಲೇ ಕಾಣುತ್ತೆ ಕಣಕ್ಕ ಎಂದು ಕೊಚ್ಚಿಕೊಂಡೆ. ಫೋನು ಇಟ್ಟ ಮೇಲೆ ನಾಲಿಗೆ ಕಚ್ಚಿಕೊಂಡೆ. ಲೋಕದಲ್ಲಿ ಯಾರಿಗೆ ಬೇಕಾದರೂ ಈ ಮಾತು ಹೇಳಬಹುದಿತ್ತು, ಅಕ್ಕನೊಬ್ಬಳಿಗೆ ಹೇಳಬಾರದಿತ್ತು.

ಕಾರಣ ಇಷ್ಟು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಹಳ್ಳದ ಆಚೆಗಿನ ನಮ್ಮ ತುಂಡು ನೆಲಕ್ಕೆ ಆಗ ನೀರಿರಲಿಲ್ಲ. ಅಪ್ಪ ಅಲ್ಲಿ ಹನ್ನೊಂದು ತೆಂಗಿನ ಸಸಿ ಇಟ್ಟು, ಬದುಕಿದರೆ ಬದುಕಲಿ ಎಂದು ಬಿಟ್ಟಿದ್ದರು. ಲಂಗ ಎತ್ತಿ ಕಟ್ಟಿಕೊಂಡು, ಬಾವಿಯಿಂದ ಬಿಂದಿಗೆ ಹೊತ್ತು, ಎರಡು ಬೇಸಗೆ ಅವಕ್ಕೆ ನೀರು ಹಾಕಿದವಳು ಅಕ್ಕ. ನಾನು ಹಿಂದೆ ಹಿಂದೆ ಹೋಗಿ ದಾರಿಯಲ್ಲಿ ಕಾರೆಹಣ್ಣು ಕಿತ್ತು ತಿನ್ನುತ್ತಿದ್ದೆ. ಅವಳ ಮದುವೆಯಲ್ಲಿ ಅಪ್ಪ ನಾಲ್ಕು ಜನರ ಮುಂದೆ, "ನೀರು ಹೊತ್ತೋಳಿಗೇ ಮರ" ಎಂದು ಆ ಹನ್ನೊಂದು ಮರದ ಫಸಲನ್ನು ಅರಿಶಿನ ಕುಂಕುಮಕ್ಕೆಂದು ಅವಳಿಗೆ ಬಿಟ್ಟುಕೊಟ್ಟರು. ಅಪ್ಪ ಹೋದ ಮೇಲೆ ಪ್ರತಿ ಗೌರಿಹಬ್ಬಕ್ಕೂ ಬಾಗಿನದ ಜೊತೆ ಆ ಮರಗಳ ಕಾಯಿ ತೆಗೆದುಕೊಂಡು ಹೋಗುವುದು ನನ್ನ ಕೆಲಸ.

ನಾಲ್ಕು ವರ್ಷದ ಹಿಂದೆ ಆ ಮರಗಳ ಕಾಂಡದಲ್ಲಿ ಕೆಂಪಗೆ ರಸ ಸೋರತೊಡಗಿತು. ಕೊಳೆತ ತೊಗಟೆ ಕೆತ್ತಿ ಮುಲಾಮು ಹಚ್ಚಬೇಕು, ಬೇರಿಗೆ ಔಷಧಿ ಕೊಡಬೇಕು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಂಗಡಿಗೆ ಬಂದ ಎಷ್ಟೋ ಜನರಿಗೆ ನಾನೇ ಹೇಳಿದ್ದೇನೆ. ನಾಳೆ ಮಾಡೋಣ ಎಂದೆ. ಮಳೆ ಬರಲಿ ಎಂದೆ. ಮಳೆ ನಿಲ್ಲಲಿ ಎಂದೆ. ಗರಿ ಒಂದೊಂದಾಗಿ ಜೋತು ಬಿದ್ದು, ಒಂದು ಮರದ ಸುಳಿ ಕಳಚಿತು, ಆಮೇಲೆ ಇನ್ನೊಂದು. ಕಡೆಗೆ ಆಳು ಬಿಟ್ಟು ಹನ್ನೊಂದನ್ನೂ ಕಡಿಸಿಬಿಟ್ಟೆ.

ಅಕ್ಕನಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಆ ವರ್ಷದ ಗೌರಿಹಬ್ಬಕ್ಕೆ ಮನೆ ಮುಂದಿನ ನನ್ನ ಸಾಲಿನಲ್ಲಿ ಒಳ್ಳೊಳ್ಳೆಯ ಕಾಯಿ ಆರಿಸಿ ಒಯ್ದು, "ನಿನ್ನ ಮರದ್ದು ಕಣಕ್ಕ" ಅಂದೆ. ಅವಳು ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟಳು. ಮೂರು ವರ್ಷ ಇದೇ ನಾಟಕ. "ಹೇಳಿಬಿಡ್ರೀ, ಅವರೇನು ನಿಮ್ಮನ್ನ ನುಂಗ್ತಾರಾ?" ಎಂದು ಹೆಂಡತಿ ಪ್ರತಿ ಹಬ್ಬಕ್ಕೂ ಹೇಳುತ್ತಾಳೆ. ನನ್ನ ಪುಣ್ಯಕ್ಕೆ ಅಕ್ಕನ ಮಂಡಿ ಸವೆದಿತ್ತು. ಹಳ್ಳ ದಾಟಿ ಹೋಗಿ ನೋಡುವ ಹಾಗಿರಲಿಲ್ಲ. ಒಡಹುಟ್ಟಿದವಳ ಮಂಡಿನೋವಿನ ಮರೆಯಲ್ಲಿ ಬಚ್ಚಿಟ್ಟುಕೊಂಡು ಮೂರು ವರ್ಷ ಕಳೆದವನು ನಾನು. ನಾಚಿಕೆಯಾಗಬೇಕು. ಆಗುತ್ತಲೂ ಇತ್ತು.

ಅದೇ ಮಂಡಿಯನ್ನು ತಿಪಟೂರಿನ ಡಾಕ್ಟರಿಗೆ ತೋರಿಸಲು ಅಕ್ಕ ನಮ್ಮ ಮನೆಗೆ ಬಂದಳು. ಬಂದವಳು ಕಾಫಿ ಲೋಟ ಕೆಳಗಿಡುವ ಮುಂಚೆಯೇ, "ಲೋ, ಅದೇನೋ ಹಾರೋದು ಅಂದಿದ್ಯಲ್ಲ, ಅದ್ರಲ್ಲಿ ನನ್ನ ಮರ ತೋರ್ಸು ಕಣ್ಲಾ" ಅಂದಳು. ಬ್ಯಾಟರಿ ಚಾರ್ಜಿಲ್ಲ ಅಂದೆ. ಮಾರನೆಯ ದಿನ ಗಾಳಿ ಜಾಸ್ತಿ ಅಂದೆ. "ಎಲ್ಲೈತೋ ಗಾಳಿ? ಒಂದು ಗರಿ ಅಲ್ಲಾಡ್ತಿಲ್ಲ. ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದು ನಕ್ಕಳು. ಮೂರನೆಯ ದಿನ ಬೆಳಿಗ್ಗೆ ಅವಳೇ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು, ಕನ್ನಡಕ ಒರೆಸಿಕೊಂಡು ಕೂತುಬಿಟ್ಟಳು. ಮಧ್ಯಾಹ್ನದ ಬಸ್ಸಿಗೆ ಅವಳು ಹೊರಡುವವಳು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಈಗಲಾದರೂ ಹೇಳಿ ಎನ್ನುವ ನೋಟ. ನಾನು ಕಣ್ಣು ತಪ್ಪಿಸಿ ರಿಮೋಟಿಗೆ ಫೋನು ಸಿಕ್ಕಿಸಿದೆ.

ನನಗೊಂದು ಉಪಾಯ ಹೊಳೆದಿತ್ತು. ಮೇಲಿನಿಂದ ನೋಡಿದರೆ ಎಲ್ಲ ತೆಂಗಿನ ಮರವೂ ಒಂದೇ, ಬರೀ ಹಸಿರು ತಲೆ. ಅಕ್ಕನ ತುಂಡು ನೆಲದ ಆಚೆಗೆ ಪಕ್ಕದವನ ತೋಟ ಇದೆ. ಅಲ್ಲಿಗೆ ಒಯ್ದು ಯಾವುದಾದರೂ ಹನ್ನೊಂದು ಮರ ತೋರಿಸಿ, ಇವೇ ನಿನ್ನವು ಎಂದರೆ ಮುಗಿಯಿತು. ಅಂಗಳದ ನಡುವೆ ಬಯಲಿನಲ್ಲೇ ಇಟ್ಟು ಮೇಲಕ್ಕೆ ಬಿಟ್ಟೆ. ನೇರ ಹೋದರೆ ಮೋಟುಗಳು ಕಾಣುತ್ತವೆ ಎಂದು ರಸ್ತೆಯ ಕಡೆಯಿಂದ ಸುತ್ತು ಬಳಸಿ ಒಯ್ದೆ. ಕ್ಯಾಮೆರಾ ಪೂರ್ತಿ ಆಕಾಶದ ಕಡೆಗೆ. "ಮೋಡ ನೋಡಕ್ಕೆ ಇದೆಲ್ಲ ಯಾಕ್ಲಾ?" ಅಂದಳು ಅಕ್ಕ. ಪಕ್ಕದವನ ತೋಟದ ಮೇಲೆ ನಿಲ್ಲಿಸಿ ಕ್ಯಾಮೆರಾ ಕೆಳಕ್ಕೆ ತಿರುಗಿಸಿ ಅವಳ ಮುಂದೆ ಹಿಡಿದೆ. "ನೋಡಕ್ಕ, ನಿನ್ನ ಮರ. ಹೆಂಗವೆ?"

ಅಕ್ಕ ಫೋನನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. ಏಳೂವರೆ ಎಂಟರ ಹೊತ್ತು, ಓರೆ ಬಿಸಿಲು. ಪ್ರತಿ ಮರದ ಪಕ್ಕದಲ್ಲೂ ಅದರ ನೆರಳು ಉದ್ದಕ್ಕೆ ನೆಲದ ಮೇಲೆ ಮಲಗಿತ್ತು. ಹಸಿರು ತಲೆಗಳನ್ನು ಅವಳು ನೋಡಲೇ ಇಲ್ಲ. ಬೆರಳಿನಿಂದ ಒಂದೊಂದೇ ನೆರಳನ್ನು ಸವರಿಕೊಂಡು ಹೋದಳು.

"ಎಲ್ಲ ನೆಟ್ಟಗೈತಲ್ಲೋ. ನನ್ನ ಗೂನಿ ಎಲ್ಲಿ?"

ಗೂನಿ! ಅಕ್ಕನ ಹನ್ನೊಂದರಲ್ಲಿ ಒಂದು ಮರ ಬೆನ್ನು ಬಾಗಿದ್ದು. ಎಳೆಯದಿದ್ದಾಗ ಮನೆಯ ಎಮ್ಮೆ ಮೈ ಉಜ್ಜಿ ಉಜ್ಜಿ ನಡು ಡೊಂಕಾಗಿ, ಆಮೇಲೆ ಮೇಲಕ್ಕೆ ತಿರುಗಿಕೊಂಡು ಬೆಳೆದಿತ್ತು. ಗೂನಿ ಎಂದು ಹೆಸರಿಟ್ಟವಳೂ ಅವಳೇ. ಮೇಲಿನಿಂದ ನೋಡಿದರೆ ಬೆನ್ನು ಕಾಣದು ಎಂದು ನಾನು ಲೆಕ್ಕ ಹಾಕಿದ್ದೆ. ನೆರಳಿನ ಯೋಚನೆಯೇ ನನಗೆ ಬಂದಿರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗಾಯಿತು. ಬ್ಯಾಟರಿ ಮುಗೀತು ಕಣಕ್ಕ ಎಂದು ಬಡಬಡಿಸುತ್ತಾ, ವಾಪಸ್ ಕರೆಯುವ ಗುಂಡಿ ಒತ್ತಿಬಿಟ್ಟೆ.

ಆ ಪ್ರಾಣಿಗೆ ಸುತ್ತು ಬಳಸಿ ಬರುವುದು ಗೊತ್ತಿಲ್ಲ. ನೇರ ಹೊರಟಿತು. ಕ್ಯಾಮೆರಾ ಕೆಳಮುಖವಾಗಿಯೇ ಇತ್ತು. ಪಕ್ಕದವನ ಬೇಲಿ ಬಂತು, ಬೇಲಿ ದಾಟಿತು, ಆಮೇಲೆ ಒಂದು ನೆರಳೂ ಇಲ್ಲದ ನೆಲ. ಅದರ ಮೇಲೆ ಸಾಲಾಗಿ ಹನ್ನೊಂದು ಮೋಟು. ಫೋನು ಕಿತ್ತುಕೊಳ್ಳೋಣವೆಂದರೆ ಅಕ್ಕ ಅದನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು. ಹಳ್ಳ ಕಂಡಿತು, ನಮ್ಮ ಹೆಂಚು ಕಂಡಿತು, ಕಡೆಗೆ ಬೋಳುತಲೆಯ ಮನುಷ್ಯನೊಬ್ಬ ಬಾಯಿ ಬಿಟ್ಟುಕೊಂಡು ನಿಂತಿರುವುದು ಕಂಡಿತು. ಅದು ನಾನು. ಡ್ರೋನು ಅಂಗಳದ ನಡುವೆ ಬಲು ಅಚ್ಚುಕಟ್ಟಾಗಿ ಇಳಿಯಿತು. ಅಷ್ಟು ಚೆನ್ನಾಗಿ ಅದು ಎಂದೂ ಇಳಿದಿರಲಿಲ್ಲ.

ಅಕ್ಕ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ನಾನು ಬೈಗುಳಕ್ಕೆ ಕಾದೆ.

"ಗೊತ್ತಿತ್ತು ಕಣ್ಲಾ" ಅಂದಳು.

ನಾನು ಪೆಚ್ಚಾಗಿ ನಿಂತೆ. ಅವಳೇ ಮುಂದುವರಿಸಿದಳು: "ನನ್ನ ಮರದ ಕಾಯಿ ಮೂತಿ ಚೂಪು. ಸಿಪ್ಪೆ ದಪ್ಪ, ಸುಲಿಯೋಷ್ಟರಲ್ಲಿ ರಟ್ಟೆ ಬಿದ್ದೋಗ್ತಿತ್ತು. ನೀನು ತಂದುಕೊಟ್ಟಿದ್ದು ದುಂಡ್ ದುಂಡಗೆ, ಈ ಮನೆ ಮುಂದಿನ ಸಾಲಿಂದು. ನಾನೇನು ಪೇಟೇಲಿ ಹುಟ್ಟಿದೋಳಾ? ಮೊದಲ್ನೇ ವರ್ಷ ಚೀಲ ಬಿಚ್ಚಿದಾಗ್ಲೇ ಗೊತ್ತಾಯ್ತು."

ನಿಜ. ಹೆತ್ತವರಿಗೆ ಮಕ್ಕಳ ಮುಖ ಹೇಗೋ ಹಾಗೆ ನಮ್ಮ ಕಡೆಯವರಿಗೆ ತಮ್ಮ ಮರದ ಕಾಯಿ. ಅವಳಿಗೆ ಸಂತೋಷವಾಗಲಿ ಎಂದು ದುಂಡನೆಯ ಕಾಯಿಗಳನ್ನೇ ಆರಿಸಿ ಆರಿಸಿ ತುಂಬಿದ್ದ ನನ್ನ ಬುದ್ಧಿವಂತಿಕೆಗೆ ಏನು ಹೇಳಲಿ?

"ಮತ್ತೆ ಯಾಕಕ್ಕ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳ್ತಿದ್ದೆ. ಇಲ್ಲಾ ನಾಚ್ಕೊಂಡು ಬರೋದೇ ಬುಟ್ಬುಡ್ತಿದ್ದೆ. ಕಾಯಿ ಅಂಗಡೀಲೂ ಸಿಕ್ತಾವೆ."

"ಗೊತ್ತಿದ್ದೂ ಈಗ ಯಾಕೆ ತೋರ್ಸು ಅಂದೆ?"

"ಅದನ್ನ ಮೇಲಕ್ಕೆ ಬಿಡೋದ್ರೊಳಗೆ ನೀನೇ ಹೇಳ್ತೀಯೇನೋ ಅಂತ. ಮೂರು ದಿನ ಕಾದೆ ಕಣೋ."

ಹೊಡೆದಿದ್ದರೆ ವಾಸಿಯಿತ್ತು. ಅವಳ ಕಾಲ ಹತ್ತಿರ ಜಗಲಿಯ ಮೇಲೆ ಕೂತು ಎಲ್ಲ ಹೇಳಿದೆ. ಕೆಂಪು ರಸ ಸೋರಿದ್ದು, ನಾಳೆ ನಾಳೆ ಎಂದಿದ್ದು, ಪಂಪಿನ ಮನೆಯ ಕಲ್ಲಿನಿಂದ ಆಚೆಗೆ ನಾನು ಹೋಗದೇ ಇದ್ದದ್ದು, ಯಾವುದನ್ನೂ ಬಿಡಲಿಲ್ಲ. ಆಗ ಬೈದಳು, ಹೊಟ್ಟೆ ತುಂಬಾ. "ಅಯೋಗ್ಯ! ಊರಿಗೆಲ್ಲ ಮೋಟ್ರು ಮಾರ್ತಾನಂತೆ! ನಾನು ಒಂದೊಂದು ಬಿಂದಿಗೆ ಹೊತ್ತು ಉಳಿಸಿದ್ದನ್ನ ಕೂತಲ್ಲೇ ಕೂತು ಸಾಯಿಸ್ದಲ್ಲೋ, ಮುಂಡೇದೇ!" ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, ಒಂದು ಸಲವೂ ಅಡ್ಡ ಬರಲಿಲ್ಲ. ಬೈಸಿಕೊಳ್ಳುತ್ತಾ ನನ್ನ ಎದೆ ಹಗುರಾಯಿತು ಎಂದರೆ ಯಾರೂ ನಂಬಲಿಕ್ಕಿಲ್ಲ.

ಬೈದು ಸುಸ್ತಾದ ಮೇಲೆ ಅಕ್ಕ ಮಡಿಲಲ್ಲಿದ್ದ ಕನ್ನಡಕ ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ಗೂನೀನ ಕಡಿಯೋವಾಗ ನೀನು ಅಲ್ಲಿದ್ಯಾ?"

ಇದ್ದೆ ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಂದಿದ್ದರೆ ಅವಳಿಗೆ ಎಷ್ಟೋ ಸಮಾಧಾನ ಆಗುತ್ತಿತ್ತು. ಈ ಸುಳ್ಳನ್ನು ಯಾವ ಕಾಯಿಯೂ ನೆರಳೂ ಹಿಡಿದುಕೊಡುವ ಹಾಗಿರಲಿಲ್ಲ.

"ಇರ್ಲಿಲ್ಲ ಕಣಕ್ಕ. ಅಂಗಡೀಲಿದ್ದೆ."

"ಸದ್ಯ, ಇದೊಂದಾದ್ರೂ ನಿಜ ಹೇಳ್ದೆ" ಅಂದಳು ಅಕ್ಕ. ನನ್ನ ತಲೆಯ ಮೇಲೆ ಕೈಯಿಟ್ಟು, ಇನ್ನೊಂದು ಕೈಯಲ್ಲಿ ಸೆರಗು ಹಿಡಿದು ಮುಖ ಮುಚ್ಚಿಕೊಂಡು ಅತ್ತಳು.