ಜಾಲರಿಯಲ್ಲಿ ಸಿಕ್ಕ ಮಸಿ

ಕೂಲಿಂಗ್ ಮಷೀನು ರಿಪೇರಿಗೆ ನಾನೂ ಉಸ್ತಾದರೂ ಮಸ್ಕಿಯ ಹಾಲಿನ ಕೇಂದ್ರ ತಲುಪಿದಾಗ ಮಧ್ಯಾಹ್ನ ಎರಡೂವರೆ. ಹಾಲಿನ ಟ್ಯಾಂಕಿನ ಮೇಲಿನ ಅಂಕಿ ಒಂಬತ್ತು ಡಿಗ್ರಿ ತೋರಿಸುತ್ತಿತ್ತು. ನಾಲ್ಕಕ್ಕೆ ಇಳಿಯದಿದ್ದರೆ ಲಿಂಗಸುಗೂರಿನಿಂದ ಬರುವ ಟ್ಯಾಂಕರ್ ಹಾಲು ಮುಟ್ಟುವುದಿಲ್ಲ.

“ಎರಡು ಸಲ ಹಾಲು ವಾಪಸ್ ಆಗೈತಿ,” ಎಂದರು ಕೇಂದ್ರ ನಡೆಸುವ ಅಕ್ಕ. “ಇವತ್ತೂ ಆತಂದ್ರ ಸೆಂಟರ್‌ಗೆ ಬೀಗ ಹಾಕ್ತೀವಿ ಅಂದಾರ. ಗ್ಯಾಸ್ ಖಾಲಿ ಆಗಿರಬೇಕು, ಹೊಡದುಬಿಡ್ರಿ.”

ನಮ್ಮ ಕಡೆ ಫ್ರಿಜ್ಜಿನಿಂದ ಐಸ್ ಫ್ಯಾಕ್ಟರಿವರೆಗೆ ತಣ್ಣಗಾಗದ್ದಕ್ಕೆಲ್ಲ ಕಾರಣ ಒಂದೇ: ಗ್ಯಾಸ್ ಖಾಲಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಕಲಿಸಿದ್ದು, ಎದುರಿನವರು ಸಾಬೀತು ಮಾಡದೇ ಒಪ್ಪಿಕೊಂಡಿದ್ದನ್ನು ಮೊದಲು ಹುಡುಕು ಎಂದು. ಗೇಜ್ ಹಚ್ಚಿದೆ. ಕಂಪ್ರೆಸರ್ ಹೀರುವ ಕಡೆ ಒತ್ತಡ ತೀರಾ ಕಡಿಮೆ. ಆದರೆ ಗ್ಯಾಸ್ ಕಡಿಮೆಯಿದ್ದರೆ ಪೈಪಿನ ಗಾಜಿನ ಕಿಂಡಿಯಲ್ಲಿ ಗುಳ್ಳೆ ಕಾಣಬೇಕು, ಒಂದೂ ಇಲ್ಲ.

“ಗ್ಯಾಸ್ ಭರ್ತಿ ಐತಿ ಅಕ್ಕಾ. ಎಕ್ಸ್‌ಪಾನ್ಷನ್ ವಾಲ್ವ್ ಕೆಟ್ಟೈತಿ.”

ದ್ರವವಾದ ಗ್ಯಾಸನ್ನು ಸಣ್ಣ ರಂಧ್ರದಲ್ಲಿ ಹಾಯಿಸಿ ತಣ್ಣಗಾಗಿಸುವ ಆ ವಾಲ್ವ್ ಕಚ್ಚಿಕೊಂಡರೂ ಒತ್ತಡ ಹೀಗೇ ಬೀಳುತ್ತದೆ. ತರ್ಕ ಗಟ್ಟಿಯಾಗಿತ್ತು. ವಾಲ್ವ್ ನಾನು ಕೂರಿಸಿದ್ದಲ್ಲ ಎಂಬುದೂ ಅದಕ್ಕೆ ಬಲ ಕೊಟ್ಟಿರಬೇಕು.

“ಹೌದೇನು ವಕೀಲಸಾಬ?” ಎಂದರು ನನಗೆ ಕೆಲಸ ಕಲಿಸಿದ ಉಸ್ತಾದ್. “ಬಾಯಿ ಸಾಕು, ಪೈಪಿಗೆ ಕೈ ಹಚ್ಚು.”

ವಾಲ್ವಿಗೆ ಮುಂಚೆ ಕಸ ತಡೆಯುವ ಜಾಲರಿ ಇರುತ್ತದೆ, ಸ್ಟ್ರೇನರ್. ಅದಕ್ಕಿಂತ ಹಿಂದೆ ಪೈಪ್ ಬೆಚ್ಚಗಿತ್ತು. ದಾಟಿದ ಮೇಲೆ ತಣ್ಣಗೆ ಬೆವರುತ್ತಿತ್ತು. ದ್ರವ ಜಾಲರಿಯಲ್ಲೇ ಇಕ್ಕಟ್ಟಿಗೆ ಸಿಕ್ಕಿದೆ. ಅಲ್ಲಿ ಕಟ್ಟಿಕೊಂಡಿರುವುದು ಎಲ್ಲಿಯ ಕಸ ಎಂದು ನನಗೆ ಆಗಲೇ ಹೊಳೆಯಿತು.

ಹೋದ ತಿಂಗಳು ಇದೇ ಪೈಪಿಗೆ ಬೆಸುಗೆ ಹಾಕಿದ್ದು ನಾನು. ಬೆಸೆಯುವಾಗ ಒಳಗೆ ನೈಟ್ರೋಜನ್ ಹರಿಸದಿದ್ದರೆ ತಾಮ್ರ ಮಸಿ ಹಿಡಿಯುತ್ತದೆ ಎನ್ನುವುದು ಉಸ್ತಾದರ ನಿಯಮ. ಸಿಂಧನೂರಿನಿಂದ ಬೈಕಿನ ಮೇಲೆ ಆ ಭಾರದ ಸಿಲಿಂಡರ್ ಹೊರಲು ನಾನು ಒಪ್ಪಿರಲಿಲ್ಲ. “ಪೈಪಿನ ಒಳಗ ಇಳದು ನೋಡೀರೇನ್ರಿ? ಪುರಾವೆ ತೋರಸ್ರಿ,” ಎಂದಿದ್ದೆ. ಅವರು ಸಿಲಿಂಡರ್ ಬಿಟ್ಟು ಬೈಕ್ ಹತ್ತಿದ್ದರು. ಅದನ್ನು ನಾನು ಗೆಲುವು ಎಂದುಕೊಂಡಿದ್ದೆ.

ಗ್ಯಾಸನ್ನೆಲ್ಲ ಅದರ ಸಂಗ್ರಹದ ಡಬ್ಬಿಗೆ ಎಳೆದಿಟ್ಟು ಜಾಲರಿ ಬಿಚ್ಚಿದೆ. ಕರೀ ಹೊಪ್ಪಳಿಕೆ, ತಳ ಸೀದ ಅನ್ನದ ಹಾಗೆ. ಬಟ್ಟಲಿಗೆ ಕೆಡವಿದೆ. ಅಕ್ಕ ಬಗ್ಗಿ ನೋಡಿದರು.

“ಇದೆಲ್ಲಿಂದ ಬಂತೋ?”

ಉಸ್ತಾದ್ ಸ್ಪ್ಯಾನರ್ ಒರೆಸುತ್ತಿದ್ದರು, ತಲೆ ಎತ್ತಲಿಲ್ಲ. ಮಷೀನು ಹಳೇದು ಎಂದುಬಿಡಬಹುದಿತ್ತು. ಯಾರೂ ಅಲ್ಲಗಳೆಯುತ್ತಿರಲಿಲ್ಲ.

“ನಂದ ತಪ್ಪು ಅಕ್ಕಾ. ಬೆಸುಗಿ ಹಾಕುವಾಗ ಮೈಗಳ್ಳತನ ಮಾಡೀನಿ.”

“ಎರಡು ಸಲ ಹಾಲು ವಾಪಸ್ ಬಂದಿದ್ದು ನಿನ್ನಿಂದ?”

“ಹೌದ್ರಿ.”

ಅವರು ಬೈಯಲಿಲ್ಲ, ಗಡಿಯಾರ ನೋಡಿದರು. ಬೈದಿದ್ದರೆ ಉತ್ತರವಾದರೂ ಕೊಡುತ್ತಿದ್ದೆ.

ಜಾಲರಿ ತೊಳೆದು ಕೂರಿಸಿ, ಪೈಪಿನೊಳಗೆ ಹೊಕ್ಕ ಗಾಳಿ ತೆಗೆಯಲು ವ್ಯಾಕ್ಯೂಮ್ ಪಂಪ್ ಹಚ್ಚಿದ್ದೆ. ಅಷ್ಟರಲ್ಲಿ ಟ್ಯಾಂಕರಿನ ಹಾರನ್ ಕೇಳಿತು.

“ಚಾಲೂ ಮಾಡೋ, ಬಂದಾನ!” ಎಂದರು ಅಕ್ಕ.

“ಒಳಗ ಇನ್ನಾ ಪಸೆ ಐತಿ. ಈಗ ಚಾಲೂ ಮಾಡಿದ್ರ ವಾಲ್ವಿನ ಬಾಯಾಗ ಹೆಪ್ಪುಗಟ್ಟತೈತಿ. ಇಪ್ಪತ್ತು ನಿಮಿಷ ಕೊಡ್ರಿ.”

“ಪುರಾವೆ ಏನೈತಿ ವಕೀಲಸಾಬ?” ಎಂದರು ಉಸ್ತಾದ್.

ಬಟ್ಟಲಿನ ಕಡೆ ಬೆರಳು ಮಾಡಿದೆ.

ಅಕ್ಕ ಬಾಗಿಲಿಗೆ ಹೋಗಿ ಡ್ರೈವರನಿಗೆ ಕೂಗಿದರು: “ಮುಂದಿನ ಊರಿಂದು ತುಂಬಿಕೊಂಡು ಬಾರೋ ಅಣ್ಣಾ!”

“ಐದೂವರಿಗೆ ಬರ್ತೀನಿ. ನಾಲ್ಕು ಡಿಗ್ರಿ ಇರಲಿಲ್ಲಂದ್ರ ನಿನ್ನ ಚಾನೂ ಕುಡಿಯಂಗಿಲ್ಲ.”

ಮಷೀನು ಶುರುವಾಯಿತು. ಎಂಟು, ಏಳು. ಐದು ಡಿಗ್ರಿಗೆ ಬಂದು ನಿಂತಿತು. ನಾವು ಮೂವರೂ ಅಂಕಿಯನ್ನೇ ನೋಡುತ್ತ ನಿಂತೆವು. ಹಾರನ್ ಮತ್ತೆ ಕೇಳಿದಾಗಲೂ ಐದು. ಡ್ರೈವರ್ ಟ್ಯಾಂಕಿನ ಅಂಕಿ ನಂಬಲಿಲ್ಲ, ತನ್ನದೇ ಥರ್ಮಾಮೀಟರ್ ಅದ್ದಿ, ಕಣ್ಣು ಕಿರಿದು ಮಾಡಿ ನೋಡಿದ.

“ನಾಲ್ಕೈತಿ. ಚಾ ತರಸಕ್ಕಾ,” ಎಂದು ಪೈಪ್ ಜೋಡಿಸಿದ.

ಅಕ್ಕ ಆ ಮಸಿಯನ್ನು ಹಾಲಿನ ಸ್ಯಾಂಪಲ್ ಶೀಸೆಗೆ ಸುರಿದು, ಮುಚ್ಚಿ, ಟ್ಯಾಂಕಿನ ಪಕ್ಕದ ಗೂಡಿನಲ್ಲಿಟ್ಟರು. ಈಗ ಮಸ್ಕಿಗೆ ಹೋದಾಗಲೆಲ್ಲ ಬೈಕಿನ ಹಿಂದೆ ಕೂತ ನನ್ನ ತೊಡೆಯ ಮೇಲೆ ನೈಟ್ರೋಜನ್ ಸಿಲಿಂಡರ್ ಇರುತ್ತದೆ. ಅವರು ಶೀಸೆ ಇನ್ನೂ ತೆಗೆದಿಲ್ಲ.