ಮಾರ್ಸೆಲಾಳ ಕೈಬರಹ

ಮಾರ್ಸೆಲಾ ರಿಂಡ್ಲರ್‌ಳ ಅಕ್ಷರ ಸೇಂಟ್ ಗಾಲ್ ಊರಿಗೆಲ್ಲ ಪರಿಚಯ. ಯಾರದಾದರೂ ಮದುವೆಯಿದ್ದರೆ ಕರೆಯೋಲೆಗಳ ಮೇಲೆ ವಿಳಾಸ ಬರೆಯಲು ಅವಳೇ ಬೇಕು. ಯಾರಾದರೂ ತೀರಿಕೊಂಡರೆ ಆ ಮನೆಗೆ ಯಾವ ದಿನ ಯಾರು ಊಟ ಕಳಿಸಬೇಕೆಂಬ ಪಟ್ಟಿಯನ್ನು ಚರ್ಚಿನ ಬಾಗಿಲಿಗೆ ಅಂಟಿಸುತ್ತಿದ್ದವಳೂ ಅವಳೇ. ದುಂಡಗೆ, ಒಂದೇ ಎತ್ತರಕ್ಕೆ, ಗೆರೆ ಎಳೆದಂತೆ ಬರೆಯುತ್ತಿದ್ದಳು.

ಅಮೆರಿಕದ ಓಹಾಯೋದ ಆ ಪಡುವಣ ಮೂಲೆಯಲ್ಲಿ ಮನೆಗೊಂದು ಎಕರೆ ಹುಲ್ಲು, ಅದನ್ನು ಕತ್ತರಿಸಲು ಮೇಲೆ ಕೂತು ಓಡಿಸುವ ಸವಾರಿ ಮೋವರ್ ಮನೆಗೊಂದು. ಹುಲ್ಲು ನಾಲ್ಕು ಬೆರಳು ಮೀರಿತೆಂದರೆ ಆ ಮನೆಯಲ್ಲಿ ಯಾರಿಗೋ ಕಾಯಿಲೆ, ಇಲ್ಲವೇ ಗಂಡ ಹೆಂಡತಿಗೆ ಜಗಳ ಎಂದು ಜನ ತೀರ್ಮಾನಿಸುತ್ತಿದ್ದರು. ಚಳಿಗಾಲ ಬಂದರೆ ಆ ಮೋವರುಗಳೆಲ್ಲ ಮಾರ್ಸೆಲಾಳ ಗಂಡ ವರ್ಲಿನ್‌ನ ರಿಪೇರಿ ಅಂಗಡಿಗೆ ಬರುತ್ತಿದ್ದವು. ಬ್ಲೇಡು ಮಸೆಯುವುದು, ಎಂಜಿನ್ ಆಯಿಲ್ ಬದಲಾಯಿಸುವುದು ಯಾರು ಬೇಕಾದರೂ ಮಾಡುವ ಕೆಲಸ. ವರ್ಲಿನ್‌ಗೆ ಹೆಸರು ತಂದದ್ದು ಗೇರ್ ಆಯಿಲ್.

ಹಿಂದಿನ ಚಕ್ರಗಳ ನಡುವೆ ಕೂರುವ ಗೇರ್‌ಬಾಕ್ಸಿನ ಎಣ್ಣೆಯನ್ನು ಆಯುಷ್ಯದುದ್ದಕ್ಕೂ ಬದಲಾಯಿಸಬೇಕಿಲ್ಲ ಎಂದು ಕಂಪನಿಯ ಪುಸ್ತಕದಲ್ಲೇ ಅಚ್ಚಾಗಿರುತ್ತಿತ್ತು. ಗಿರಾಕಿಗಳು ಅದನ್ನು ತೋರಿಸಿದರೆ ವರ್ಲಿನ್ ನಗುತ್ತಿದ್ದ. "ಆಯುಷ್ಯ ಅಂದ್ರೆ ಯಾರದಪ್ಪಾ? ಗಾಡೀದೋ, ಗ್ಯಾರಂಟಿ ಕಾಗದದ್ದೋ?" ಎನ್ನುತ್ತಿದ್ದ. ಕೇಳಿದವರೂ ನಕ್ಕು, ಮೋವರನ್ನು ಬಿಟ್ಟು ಹೋಗುತ್ತಿದ್ದರು.

ಬೆಳಗಿನ ಹೊತ್ತು ಮಾರ್ಸೆಲಾ ಶಾಲೆಯ ಅಡಿಗೆಮನೆಯಲ್ಲಿ ದುಡಿಯುತ್ತಿದ್ದಳು. ಮಧ್ಯಾಹ್ನ ಅಂಗಡಿಗೆ ಬಂದು ಮುಂದಿನ ಮೇಜಿನ ಹಿಂದೆ ಕೂರುತ್ತಿದ್ದಳು. ಒಳಗಿನ ಬಾಗಿಲಿನ ಕಡೆ ಕತ್ತು ಚಾಚಿ, "ಬೋಮರ್ ಮೇಡಂದು ಗೇರ್ ಆಯಿಲ್ ಆಯ್ತಾ?" ಎಂದು ಕೇಳುತ್ತಿದ್ದಳು.

"ಬೆಳಿಗ್ಗೇನೇ ಆಯ್ತು, ಬರ್ಕೋ" ಎನ್ನುತ್ತಿದ್ದ ವರ್ಲಿನ್.

ಅವಳು ಬರೆದುಕೊಳ್ಳುತ್ತಿದ್ದಳು. ಹಳದಿ ರಟ್ಟಿನ ಚೀಟಿಯ ಮೇಲೆ "ಗೇರ್ ಆಯಿಲ್ ಬದಲಾಯಿಸಲಾಗಿದೆ" ಎಂದು ಬರೆದು, ತಾರೀಖು ಹಾಕಿ, ಕೆಳಗೆ ತನ್ನ ಹೆಸರಿನ ಎರಡಕ್ಷರ ಗೀಚಿ, ಸ್ಟಿಯರಿಂಗಿಗೆ ದಾರದಿಂದ ಕಟ್ಟುತ್ತಿದ್ದಳು. ಹತ್ತೊಂಬತ್ತು ಚಳಿಗಾಲ ಹೀಗೇ ನಡೆಯಿತು.

ಇಪ್ಪತ್ತನೆಯ ಚಳಿಗಾಲದ ಹೊತ್ತಿಗೆ ಅವಳು ಶಾಲೆಯ ಕೆಲಸದಿಂದ ನಿವೃತ್ತಳಾಗಿದ್ದಳು. ಆ ಜನವರಿಯಲ್ಲಿ ವರ್ಲಿನ್ ಅಂಗಡಿಯ ಮುಂದಿನ ಹಿಮಗಡ್ಡೆಯ ಮೇಲೆ ಜಾರಿ ಬಿದ್ದು ಬಲಭುಜ ಮುರಿದುಕೊಂಡ. ಶಸ್ತ್ರಚಿಕಿತ್ಸೆಯಾಗಿ, ಕೈಗೆ ಜೋಳಿಗೆ ಕಟ್ಟಿ, ಮೂರು ತಿಂಗಳು ಭಾರ ಎತ್ತಕೂಡದೆಂದು ಡಾಕ್ಟರು ಹೇಳಿ ಕಳಿಸಿದರು. ಅಂಗಡಿಯಲ್ಲಿ ಹದಿನಾಲ್ಕು ಮೋವರುಗಳು ಸಾಲಾಗಿ ನಿಂತಿದ್ದವು.

"ನಾನೇ ಮಾಡ್ತೀನಿ ಬಿಡು" ಎಂದಳು ಮಾರ್ಸೆಲಾ. ಆರು ಹೆಣ್ಣುಮಕ್ಕಳಿದ್ದ ರೈತನ ಮನೆಯ ಹಿರಿಮಗಳು ಅವಳು. ಗಂಡುಮಕ್ಕಳಿಲ್ಲದ ಆ ಮನೆಯಲ್ಲಿ ಟ್ರ್ಯಾಕ್ಟರಿನ ಅಡಿಗೆ ನುಗ್ಗುವುದು ಹದಿಮೂರನೇ ವಯಸ್ಸಿಗೇ ಅವಳ ಪಾಲಿಗೆ ಬಂದಿತ್ತು.

"ಬ್ಲೇಡು ಮಸಿ, ಎಂಜಿನ್ ಆಯಿಲ್ ಹಾಕು, ಅಷ್ಟು ಸಾಕು. ಗೇರ್‌ಬಾಕ್ಸಿನ ಗೋಜಿಗೆ ಹೋಗ್ಬೇಡ."

"ಯಾಕೆ, ನಂಗೆ ಬರಲ್ವಾ?"

"ಬರುತ್ತೆ ಕಣೇ. ಭಾರ ಅದು. ನಿನ್ನ ಸೊಂಟಾನೂ ಹೋದ್ರೆ ಇಬ್ರೂ ಮಂಚದ ಮೇಲೆ ಬಿದ್ಕೋಬೇಕಾಗುತ್ತೆ. ಏಪ್ರಿಲ್‌ವರೆಗೆ ಬಿಡು, ನಾನ್ ನೋಡ್ಕೋತೀನಿ."

ನಲವತ್ತು ವರ್ಷ ಸಂಸಾರ ಮಾಡಿದ ಮೇಲೂ ಗಂಡನಿಗೆ ತನ್ನ ಸೊಂಟದ ಚಿಂತೆಯಿದೆಯಲ್ಲ ಎಂದು ಅವಳಿಗೆ ಒಳಗೊಳಗೇ ಹಿತವಾಯಿತು. ಅವನು ಏಪ್ರಿಲ್‌ನಲ್ಲಿ ಆ ಭುಜ ಇಟ್ಟುಕೊಂಡು ಒದ್ದಾಡುವುದು ಬೇಡವೆಂದೇ ಸೋಮವಾರ ಬೆಳಿಗ್ಗೆ ಅವನು ಟೀವಿ ಮುಂದೆ ತೂಕಡಿಸುತ್ತಿದ್ದಾಗ ಅಂಗಡಿಯ ಬಾಗಿಲು ತೆಗೆದಳು.

ಮೊದಲು ಕೈಗೆತ್ತಿಕೊಂಡದ್ದು ನಾರ್ಬರ್ಟ್‌ನ ಗಾಡಿ. ಲೋಹದ ಅಚ್ಚು ತಯಾರಿಸುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ನಾರ್ಬರ್ಟ್ ಚರ್ಚಿನ ಸಮಾಧಿ ಮೈದಾನದ ಹುಲ್ಲು ನೋಡಿಕೊಳ್ಳುತ್ತಿದ್ದ. ಗೋರಿಗಳ ಹಿಂದೆ ತೊರೆಯ ಕಡೆಗೆ ಇಳಿಜಾರಿದ್ದುದರಿಂದ ಅವನ ಮೋವರಿಗೆ ಬೇರೆಯವರದಕ್ಕಿಂತ ಹೆಚ್ಚು ಶ್ರಮ. ಮಾರ್ಸೆಲಾ ಗಾಡಿಯ ಹಿಂಭಾಗವನ್ನು ಎತ್ತಿ ಆನಿಕೆ ಕೊಟ್ಟಳು. ಚಕ್ರ ಬಿಚ್ಚಿದಳು, ಬೆಲ್ಟು ಕಳಚಿದಳು. ನಾಲ್ಕು ಬೋಲ್ಟು ತೆಗೆದು ಗೇರ್‌ಬಾಕ್ಸನ್ನು ಎದೆಗವಚಿಕೊಂಡು ಹೊರಗೆಳೆದು ಮೇಜಿಗೇರಿಸಿದಳು. ನಿಜಕ್ಕೂ ಭಾರವಿತ್ತು. ಫ್ಯಾನು ತೆಗೆದರೆ ಅದರಡಿ ಎಣ್ಣೆ ತುಂಬುವ ಕಪ್ಪು ಮುಚ್ಚಳ. ಆ ಮುಚ್ಚಳದಿಂದ ಪೆಟ್ಟಿಗೆಯ ಮೈಮೇಲಕ್ಕೆ ಸಣ್ಣದೊಂದು ಕೆಂಪು ಗೆರೆ ಹಾದಿತ್ತು. ಉಗುರಿನ ಬಣ್ಣ. ಯಾರು ಬಳಿದರೋ ಏನೋ, ಎಲ್ಲೂ ಬಿರುಕು ಬಿಡದೆ ಒಣಗಿ ಕೂತಿತ್ತು. ಮುಚ್ಚಳ ತಿರುಗಿಸಿದಾಗ ಗೆರೆ ಪಟ್ಟೆಂದು ಎರಡಾಯಿತು.

ಪೆಟ್ಟಿಗೆಯನ್ನು ಬೋರಲು ಹಾಕಿ ಎಣ್ಣೆ ಬಸಿದಳು. ಒಂದೇ ಚಳಿಗಾಲದ ಹಿಂದೆ ಹಾಕಿದ್ದೆಂದು ಅವಳೇ ಬರೆದ ಎಣ್ಣೆ. ಜೇನಿನ ಬಣ್ಣಕ್ಕಿಂತ ಸ್ವಲ್ಪ ಗಾಢವಾಗಿ ಬರಬೇಕಿತ್ತು. ತಳ ಹಿಡಿದ ಪಾಕದಂಥ ಕರಿ ದ್ರವ ನಿಧಾನವಾಗಿ ಬಟ್ಟಲಿಗೆ ಇಳಿಯಿತು. ಸುಟ್ಟ ಕೂದಲಿನ ವಾಸನೆ. ಬೆರಳು ಅದ್ದಿ ಬೆಳಕಿಗೆ ಹಿಡಿದರೆ ಲೋಹದ ಪುಡಿ ಮಿನುಗಿತು.

ಇಳಿಜಾರಿನಲ್ಲಿ ಓಡುವ ಗಾಡಿಯಲ್ಲವೇ, ಬೇಗ ಕೆಟ್ಟಿರಬೇಕು ಎಂದುಕೊಂಡಳು. ಹೊಸ ಎಣ್ಣೆ ತುಂಬಿ, ಪೆಟ್ಟಿಗೆ ಕೂರಿಸಿ, ಚಕ್ರಗಳನ್ನು ಗಾಳಿಯಲ್ಲೇ ಹಿಂದಕ್ಕೂ ಮುಂದಕ್ಕೂ ಓಡಿಸಿ ಒಳಗೆ ಸಿಕ್ಕಿದ್ದ ಗಾಳಿ ಕಳೆದಳು. ಮೊದಮೊದಲು ನರಳಿದ ಗೇರ್‌ಬಾಕ್ಸು ಆಮೇಲೆ ಸದ್ದು ಅಡಗಿಸಿತು. ಗಂಡನ ಕೆಲಸ ಎಷ್ಟು ಕಷ್ಟದ್ದೆಂದು ಅಂದೇ ಅವಳಿಗೆ ತಿಳಿದದ್ದು. ಸಂಜೆ ಅವನಿಗಿಷ್ಟವೆಂದು ಹುಳಿ ಬರಿಸಿದ ಎಲೆಕೋಸು, ಸಾಸೇಜು ಬೇಯಿಸಿದಳು. ಏನು ಮಾಡಿದೆನೆಂದು ಹೇಳಲಿಲ್ಲ.

ಮಂಗಳವಾರ ಬೋಮರ್ ಮೇಡಂ ಗಾಡಿ. ಆಕೆಯ ಅಂಗಳದಲ್ಲಿ ಇಳಿಜಾರಿಲ್ಲ, ತೊರೆಯಿಲ್ಲ, ಅಂಗೈಯಷ್ಟು ಸಮತಟ್ಟು. ಫ್ಯಾನಿನಡಿ ಹಳೆಯ ಹುಲ್ಲು ಒಣಗಿ ಬೆರಣಿಯಂತೆ ಗಟ್ಟಿಯಾಗಿ ಮುಚ್ಚಳವನ್ನೇ ನುಂಗಿತ್ತು. ವರ್ಷಗಟ್ಟಲೆ ಯಾರ ಬೆರಳೂ ತಾಕದ ಗಟ್ಟಿ. ಅವಳು ಉಳಿ ಹಾಕಿ ಕೆರೆದು ತೆಗೆಯಬೇಕಾಯಿತು. ಒಳಗೆ ಅದೇ ಕರಿ ಪಾಕ. ಸ್ಟಿಯರಿಂಗಿನಲ್ಲಿ ತೂಗುತ್ತಿದ್ದ ಹಳದಿ ಚೀಟಿಗಳನ್ನು ಓದಿದಳು. ಮೂರು ಚೀಟಿ, ಮೂರರಲ್ಲೂ ಅವಳದೇ ದುಂಡಕ್ಷರ.

ಗುರುವಾರದ ಹೊತ್ತಿಗೆ ಏಳು ಗೇರ್‌ಬಾಕ್ಸು ತೆರೆದಿದ್ದಳು. ನಿಜವಾಗಿ ಎಣ್ಣೆ ಬದಲಾಗಿದ್ದದ್ದು ಒಂದರಲ್ಲಿ ಮಾತ್ರ. ಅದು ಪಾದ್ರಿಗಳ ಮನೆಯ ಮೋವರು. ಅದನ್ನು ಕಂಡಾಗ ಅವಳಿಗೆ ಉಳಿದ ಆರಕ್ಕಿಂತ ಹೆಚ್ಚು ನೋವಾಯಿತು. ಮರೆವಿನಿಂದಲ್ಲ, ಸೋಮಾರಿತನದಿಂದಷ್ಟೇ ಅಲ್ಲ, ಯಾರಿಗೆ ಮೋಸ ಮಾಡಬಹುದು, ಯಾರಿಗೆ ಕೂಡದು ಎಂದು ಅವನು ಆರಿಸಿಕೊಂಡಿದ್ದ.

ಮಧ್ಯಾಹ್ನ ವರ್ಲಿನ್ ಅಡಿಗೆಮನೆಯ ಮೇಜಿನಲ್ಲಿ ಎಡಗೈಯಿಂದ ಬೀನ್ಸ್ ಕಾಳಿನ ಸೂಪು ಕುಡಿಯುತ್ತಿದ್ದ. ಮಾರ್ಸೆಲಾ ಕೈ ತೊಳೆಯದೆ ಎದುರಿಗೆ ಕೂತಳು.

"ಏಳು ಬಿಚ್ಚಿದೆ" ಎಂದಳು.

ಅವನು ಅವಳ ಕರಿಮೆತ್ತಿದ ಬೆರಳು ನೋಡಿದ. ಚಮಚ ಕೆಳಗಿಟ್ಟ. "ಬೇಡ ಅಂದಿದ್ದೆ."

"ನೀನು ಸೊಂಟದ ನೆಪ ಹೇಳಿದ್ದೆ. ಎಷ್ಟು ವರ್ಷದಿಂದ ವರ್ಲಿನ್?"

"ಮೊದಲೆರಡು ವರ್ಷ ಎಲ್ಲಾನೂ ಮಾಡಿದೀನಿ, ದೇವರಾಣೆ. ಆಮೇಲೆ ಬೆನ್ನು ನೋವು ಶುರುವಾಯ್ತಲ್ಲ, ಒಂದನ್ನ ಬಿಟ್ಟೆ. ಏನೂ ಆಗ್ಲಿಲ್ಲ. ಮಾರನೇ ವರ್ಷ ಅದೇ ಗಾಡಿ ಚೆನ್ನಾಗೇ ಓಡ್ತಾ ಬಂತು. ಇನ್ನೊಂದನ್ನ ಬಿಟ್ಟೆ. ಕಂಪನಿಯವ್ರೇ ಬೇಕಿಲ್ಲ ಅಂತಾರೆ. ಯಾರ ಗಂಟು ಮುಳುಗೋಯ್ತು ಈಗ?"

"ನಾನು ತರಿಸ್ತಿದ್ದ ಎಣ್ಣೆ?"

"ಅಣ್ಣನ ಟ್ರ್ಯಾಕ್ಟರಿಗೆ ಹೋಯ್ತು."

"ಹಾಗಾದ್ರೆ ಚೀಟಿ ಯಾಕೆ ಬರೆಸ್ದೆ? ನೀನೇ ಬರ್ಕೊಂಡು ನೀನೇ ಕಟ್ಕೋಬಹುದಿತ್ತಲ್ಲ. ನನ್ನ ಕೈಲಿ ಯಾಕೆ?"

ವರ್ಲಿನ್‌ಗೆ ಸುಳ್ಳು ಹುಡುಕುವ ಚೈತನ್ಯವೂ ಇರಲಿಲ್ಲವೋ, ಇಷ್ಟಾದ ಮೇಲೆ ಮುಚ್ಚಿಡುವುದೇನೆಂದೋ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. "ನನ್ನ ಗೀಚನ್ನ ಯಾರು ನಂಬ್ತಾರೆ ಮಾರ್ಸೀ? ಜನ ನಿನ್ನ ಅಕ್ಷರ ನೋಡಿ ನಂಬ್ತಾರೆ."

ಅವಳು ಎದ್ದು ಸೋಪು ಹಚ್ಚಿ ಮೊಣಕೈವರೆಗೂ ಕೈ ಉಜ್ಜಿಕೊಂಡಳು. ನೀರು ಬಹಳ ಹೊತ್ತು ಹರಿಯಿತು. ಅವನು ಹಿಂದಿನಿಂದ ಏನೋ ಹೇಳುತ್ತಿದ್ದ. ನೀರಿನ ಸದ್ದಿಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಫೋನಿನ ಮುಂದೆ ಕೂತಳು. ವರ್ಲಿನ್ ಬಾಗಿಲಲ್ಲಿ ನಿಂತು, "ಊರಿಗೆಲ್ಲ ಡಂಗುರ ಹೊಡೀಬೇಡ ಕಣೇ, ಮಾನ ಹೋಗುತ್ತೆ" ಎಂದು ಬೇಡಿಕೊಂಡ. "ಯಾರ ಮಾನ? ಸಹಿ ನಂದು" ಎಂದು ಅವಳು ನಂಬರು ತಿರುಗಿಸಿದಳು. ಒಬ್ಬೊಬ್ಬರಿಗೂ ಒಂದೇ ಮಾತು. ನಾನು ಬರೆದುಕೊಟ್ಟದ್ದು ಸುಳ್ಳು, ನನಗೆ ತಿಳಿದಿರಲಿಲ್ಲ, ನೀವು ಬಂದರೆ ನಿಮ್ಮ ಕಣ್ಣೆದುರೇ ಸರಿಯಾಗಿ ಮಾಡಿಕೊಡುತ್ತೇನೆ.

ಬೋಮರ್ ಮೇಡಂ, "ಇದನ್ನ ಹೇಳ್ದೆ ಇದ್ದಿದ್ರೇ ಚೆನ್ನಾಗಿತ್ತು ಕಣಮ್ಮ. ಇನ್ಮೇಲೆ ನಿನ್ನ ಗಂಡನ್ನ ಕಂಡ್ರೆ ಎಲ್ಲಿ ಮುಖ ಇಟ್ಕೊಳ್ಳಲಿ?" ಎಂದು ಫೋನಿಟ್ಟರು. ಮೂರು ಮನೆಯವರು ಗಾಡಿಯನ್ನು ಬೇರೆ ಊರಿಗೆ ಒಯ್ಯುತ್ತೇವೆಂದರು. ಒಬ್ಬ ಕೆಟ್ಟ ಮಾತಿನಲ್ಲಿ ಬೈದ. ಬೈಗುಳ ಅವಳಿಗೆ ಅಷ್ಟಾಗಿ ನಾಟಲಿಲ್ಲ.

ನಾರ್ಬರ್ಟ್‌ಗೆ ಮಾತ್ರ ಫೋನಿನಲ್ಲಿ ಹೇಳಲು ಮನಸ್ಸಾಗದೆ ಖುದ್ದು ಹೋದಳು. ತೊರೆಯ ಇಳಿಜಾರಿನಲ್ಲಿ ಗೇರು ಕೈಕೊಟ್ಟಿದ್ದರೆ ಗಾಡಿ ಅವನನ್ನೂ ಹೊತ್ತು ಹಿಮ್ಮುಖವಾಗಿ ನೀರಿಗಿಳಿಯುತ್ತಿತ್ತು. ಎಂಬತ್ತರ ಮುದುಕ, ಒಂಟಿ ಜೀವ, ಅವಳಿಗೆ ಕಾಫಿ ಬಗ್ಗಿಸಿಕೊಟ್ಟು ಕೂತು ಎಲ್ಲ ಕೇಳಿದ.

"ನಿಮ್ಮ ಗಾಡಿ ಮುಚ್ಚಳದ ಮೇಲೆ ಕೆಂಪು ಗೆರೆ ಇತ್ತು ನಾರ್ಬರ್ಟ್ ಅವ್ರೇ" ಎಂದಳು ಮಾರ್ಸೆಲಾ, ಆ ಹೊತ್ತಿಗೆ ಅವಳಿಗೆ ಅರ್ಧ ಹೊಳೆದಿತ್ತು.

"ನಾನೇ ಹಾಕಿದ್ದು. ನನ್ನ ಹೆಂಡ್ತಿ ಉಗುರುಬಣ್ಣದ ಶೀಶೆ ಇತ್ತಲ್ಲ, ಅದ್ರಲ್ಲಿ. ಗಾಡಿ ಏರು ಹತ್ತೋಕೆ ಏದುಸಿರು ಬಿಡ್ತಿತ್ತು, ಅನುಮಾನ ಬಂತು. ಆರು ವರ್ಷ ಆಯ್ತು ಹಾಕಿ. ಮುಚ್ಚಳ ತಿರುಗಿಸಿದ್ರೆ ಗೆರೆ ಒಡೀಬೇಕಲ್ಲ. ಪ್ರತಿ ವಸಂತದಲ್ಲೂ ಫ್ಯಾನಿನ ಸಂದಿಯಿಂದ ನೋಡ್ತಿದ್ದೆ, ಗೆರೆ ಹಾಗೇ ಇರ್ತಿತ್ತು."

"ಆರು ವರ್ಷ! ನನಗೊಂದು ಮಾತು ಹೇಳ್ಬಾರದಿತ್ತಾ?"

ನಾರ್ಬರ್ಟ್ ಬಟ್ಟಲನ್ನು ಕೈಯಲ್ಲೇ ತಿರುಗಿಸಿದ. "ನೋಡಮ್ಮ, ಚೀಟಿ ನಿನ್ನ ಕೈಬರಹದ್ದು. ನಿನಗೂ ಗೊತ್ತಿದೆ ಅಂದ್ಕೊಂಡೆ. ಗಂಡ ಹೆಂಡ್ತಿ ಸೇರಿ ಮಾಡೋದ್ರಲ್ಲಿ ನಾನ್ಯಾಕೆ ಬಾಯಿ ಹಾಕ್ಲಿ? ಹತ್ರದಲ್ಲಿ ಇನ್ನೊಂದು ಅಂಗಡಿನೂ ಇಲ್ಲ. ಇಳಿಜಾರು ಬಂದಾಗ ಇಳಿದು ಕೈಯಲ್ಲಿ ತಳ್ಳೋ ಮೋವರಲ್ಲೇ ಕತ್ತರಿಸ್ಕೊಂಡೆ."

"ಬೇರೆ ಯಾರಿಗಾದ್ರೂ ಹೇಳಿದ್ರಾ?"

"ಕಾರ್ಡಾಟದಲ್ಲಿ ಒಂದಿಬ್ಬರಿಗೆ" ಎಂದ ನಾರ್ಬರ್ಟ್, ತಲೆ ಎತ್ತದೆ.

ಆರು ವರ್ಷ. ಆ ಆರು ವರ್ಷದಲ್ಲಿ ಅವಳು ಅವನ ಹೆಂಡತಿಯ ಮಣ್ಣಿಗೆ ಬಂದವರಿಗೆ ಊಟ ಬಡಿಸಿದ್ದಳು. ಕಾರ್ಡಾಟದವರ ಮೊಮ್ಮಕ್ಕಳ ಮದುವೆಗೆ ವಿಳಾಸ ಬರೆದುಕೊಟ್ಟಿದ್ದಳು. ಅವರೆಲ್ಲ ನಗುನಗುತ್ತಲೇ ಮಾತಾಡಿಸಿ, ಸುಳ್ಳಿಯೆಂದು ತೂಗಿ ನೋಡಿ, ಮರ್ಯಾದೆಗೆ ಸುಮ್ಮನಿದ್ದರು. ಗಂಡ ಒಂದು ಕಡೆಯಿಂದ ಅವಳ ಹೆಸರನ್ನು ಬಳಸಿಕೊಂಡರೆ, ಊರು ಇನ್ನೊಂದು ಕಡೆಯಿಂದ ಅದನ್ನು ಸದ್ದಿಲ್ಲದೆ ಕೈಬಿಟ್ಟಿತ್ತು. ಕಾಫಿ ಮುಗಿಸದೆ ಎದ್ದಳು.

"ನಿಮ್ಮ ಗಾಡಿ ಸರಿಹೋಗಿದೆ. ಬಂದು ನೋಡ್ಕೊಂಡು ಹೋಗಿ" ಎಂದಷ್ಟೇ ಹೇಳಿದಳು.

ಆ ವರ್ಷದ ಉಳಿದ ಗಾಡಿಗಳನ್ನೆಲ್ಲ ಅವಳೇ ಮಾಡಿದಳು. ಮಾಲೀಕರನ್ನು ಸ್ಟೂಲಿನ ಮೇಲೆ ಕೂರಿಸಿ, ಬಸಿದ ಎಣ್ಣೆ ತೋರಿಸಿ, ಹೊಸದನ್ನು ಅವರೆದುರಿಗೇ ತುಂಬಿದಳು. "ನಂಗೆ ನಂಬಿಕೆ ಇದೆ, ಇದೆಲ್ಲ ಬೇಡ" ಎಂದವರಿಗೆ, "ನಂಗಿಲ್ಲ, ಕೂತ್ಕೊಳ್ಳಿ" ಎನ್ನುತ್ತಿದ್ದಳು. ಚೀಟಿ ಕಟ್ಟುವುದನ್ನು ನಿಲ್ಲಿಸಿದಳು. ಮದುವೆಯ ವಿಳಾಸ ಬರೆಯಲು ಕರೆದರೆ ಕೈ ನಡುಗುತ್ತದೆಂದು ನೆಪ ಹೇಳಿದಳು. ಕೈಯೇನೂ ನಡುಗುತ್ತಿರಲಿಲ್ಲ.

ವರ್ಲಿನ್‌ನ ಭುಜ ಮೇ ತಿಂಗಳಿಗೆ ಕೂಡಿಕೊಂಡಿತು. ಅಂಗಡಿಗೆ ಬಂದು ಬ್ಲೇಡು ಮಸೆಯತೊಡಗಿದ. ಗೇರ್‌ಬಾಕ್ಸಿಗೆ ಕೈ ಹಾಕಲು ಅವಳು ಬಿಡಲಿಲ್ಲ, ಅವನೂ ಕೇಳಲಿಲ್ಲ. ಇಬ್ಬರೂ ಹತ್ತಡಿ ದೂರದಲ್ಲಿ ಬೆನ್ನು ತಿರುಗಿಸಿ ಕೆಲಸ ಮಾಡುತ್ತಿದ್ದರು. ತಂಗಿ ರೀಟಾ ಫೋನು ಮಾಡಿ, "ಕುಡೀಲಿಲ್ಲ, ಹೊಡೀಲಿಲ್ಲ, ಬೇರೆ ಹೆಂಗಸಿನ ಹಿಂದೆ ಹೋಗ್ಲಿಲ್ಲ. ಎಣ್ಣೆ ವಿಷ್ಯ ಅಕ್ಕಾ, ಬಿಟ್ಟುಬಿಡೇ" ಎಂದಳು. ಮಾರ್ಸೆಲಾ ಹವಾಮಾನದ ಮಾತೆತ್ತಿದಳು.

ಒಂದು ಶನಿವಾರ ಆಲೂಗಡ್ಡೆ ಸುಲಿಯುತ್ತಿದ್ದವಳ ಹತ್ತಿರ ಬಂದು ವರ್ಲಿನ್ ನಿಂತ. ಟೋಪಿ ಕೈಯಲ್ಲಿತ್ತು.

"ನಾಳೆ ಚರ್ಚಿಗೆ, ಹತ್ತು ಗಂಟೆ ಪೂಜೆಗೆ ಜೊತೇಲಿ ಹೋಗೋಣ್ವಾ? ನೀನು ಆರೂವರೆದಕ್ಕೇ ಒಬ್ಳೇ ಹೋಗ್ತೀಯ. ಜನ ಕೇಳ್ತಾರೆ."

"ಏನಂತ ಕೇಳ್ತಾರೆ?"

"ಮಾರ್ಸೆಲಾ ಎಲ್ಲಿ ಅಂತ."

"ಏನಾದ್ರೂ ಹೇಳು. ನಿಂಗೆ ಹೇಳೋಕೆ ಬರುತ್ತಲ್ಲ."

ಅವನು ಟೋಪಿ ತಲೆಗಿಟ್ಟುಕೊಂಡು ಹೊರಗೆ ಹೋದ. ಹಿತ್ತಿಲಿನಲ್ಲಿ ಅವರದೇ ಮೋವರು ಶುರುವಾದ ಸದ್ದು ಕೇಳಿಸಿತು. ಮಾರ್ಸೆಲಾ ಕಿಟಕಿ ಮುಚ್ಚಿ, ಸುಲಿದ ಆಲೂಗಡ್ಡೆಗಳನ್ನು ಪಾತ್ರೆಗೆ ಹಾಕಿ, ಒಲೆ ಹಚ್ಚಿದಳು.