ಮೌಶಿ ಒತ್ತಿದ ಖಣಗಳು

ಹೆಚ್ಚಿದ ಬೆಂಡೆಕಾಯಿಯ ಹಸಿ ವಾಸನೆಗೆ ಬೇರೆಯವರಿಗೆ ಪಲ್ಯ ನೆನಪಾದೀತು. ನನಗೆ ಮೂರನೇ ಮಹಡಿಯ ಮೌಶಿ ನೆನಪಾಗುತ್ತಾಳೆ, ಜೊತೆಗೆ ಮೈ ಹಿಡಿಯಾಗುವಷ್ಟು ನಾಚಿಕೆಯೂ ಆಗುತ್ತದೆ. ಇವತ್ತು ಮಧ್ಯಾಹ್ನವೂ ಹಾಗೇ ಆಯಿತು. ಈಳಿಗೆ ಪಕ್ಕಕ್ಕೆ ಸರಿಸಿ ಸುಮ್ಮನೆ ಕೂತುಬಿಟ್ಟೆ.

ಉಪ್ಪಲ್‌ನಲ್ಲಿ ನಾವಿದ್ದ ಕಟ್ಟಡದಲ್ಲಿ ಕನ್ನಡ ಮಾತಾಡುವ ಮನೆ ಎರಡೇ, ನಮ್ಮದು ಮತ್ತು ಮೌಶಿಯದು. ಚಿಕ್ಕಮ್ಮ ಎಂಬರ್ಥದಲ್ಲಿ ಮೌಶಿ ಎನ್ನುತ್ತಿದ್ದೆನಷ್ಟೇ, ರಕ್ತಸಂಬಂಧವೇನಿಲ್ಲ, ಕಲಬುರಗಿ ಕಡೆಯವಳು ಎಂಬುದೇ ನಂಟು. ಬಾಲಾನಗರದ ಕಾರ್ಖಾನೆಗೆ ಹೋಗುತ್ತಿದ್ದ ಆಕೆಯ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು.

ಶಾಲೆ ಬಿಟ್ಟ ಕೂಡಲೇ ನಾನು ಮೇಲಕ್ಕೆ ಓಡುತ್ತಿದ್ದೆ. ಆ ಮನೆಯಲ್ಲಿ ತರಕಾರಿಗೆ ಅಡುಗೆ ಬಿಟ್ಟು ಬೇರೆ ಕೆಲಸವಿತ್ತು, ಬಟ್ಟೆಯ ಮೇಲೆ ಅಚ್ಚು ಒತ್ತುವುದು. ಬೆಂಡೆಕಾಯಿ ಅಡ್ಡ ಕೊಯ್ದರೆ ಐದೆಸಳಿನ ಹೂವು, ಪಾಲಕದ ಕಟ್ಟಿನ ಬುಡ ಕೊಯ್ದರೆ ಗುಲಾಬಿ. ಆಲೂಗಡ್ಡೆಯಲ್ಲಿ ಮಾವಿನ ಎಲೆ ಕೆತ್ತುತ್ತಿದ್ದಳು. ಕೊಯ್ದದ್ದನ್ನು ಹಳೆಯ ಅರಿವೆಯ ಮೇಲೆ ಬೋರಲು ಹಾಕಿ ನೀರು ಆರಿಸಬೇಕು, ಇಲ್ಲದಿದ್ದರೆ ಬಟ್ಟೆಯ ಮೇಲೆ ಬಣ್ಣ ಹರಡುತ್ತದೆ. ಬಣ್ಣಕ್ಕೆ ಅದ್ದಿ, ಬಟ್ಟೆಗೆ ಒತ್ತಿ, ಐದು ಎಣಿಸಿ, ನೆಟ್ಟಗೆ ಎತ್ತಬೇಕು. ನನಗೋ ಅವಸರ. ನನ್ನ ಹೂವುಗಳೆಲ್ಲ ಮೇಲೆ ಆಟೋ ಹಾದುಹೋದಂತೆ ಇರುತ್ತಿದ್ದವು. ಮೌಶಿ ನಕ್ಕು ಅದರ ಮೇಲೇ ಇನ್ನೊಂದು ಒತ್ತಿ ಮುಚ್ಚುತ್ತಿದ್ದಳು.

ನಾನು ಏಳನೇ ತರಗತಿಯಲ್ಲಿದ್ದಾಗ ಅವ್ವ ಚೈತ್ರಗೌರಿಯ ಅರಿಷಿಣ-ಕುಂಕುಮಕ್ಕೆ ಮೆಹದಿಪಟ್ಟಣಂ ತನಕದ ಹೆಂಗಸರನ್ನು ಕರೆದಳು. ಬಂದವರ ಉಡಿಗೆ ಹಾಕಲು ಹಳದಿ ಖಣಗಳನ್ನು, ಅಂದರೆ ರವಿಕೆಯ ತುಂಡುಗಳನ್ನು, ತಂದು ಮೌಶಿಗೆ ಕೊಟ್ಟಳು. ಮೌಶಿ ವಾರವಿಡೀ ಕೂತು ಒತ್ತಿದಳು. ಆದರೆ ಆಕೆಯನ್ನು ಕರೆಯುವ ಮಾತು... ಅವ್ವ ಎತ್ತಲಿಲ್ಲ, ಮೌಶಿಯೂ ಕೇಳಲಿಲ್ಲ.

ಹೆಂಗಸರು ಖಣ ಬಿಚ್ಚಿ ನೋಡಿ ಇದನ್ನು ಮಾಡಿದವರು ಯಾರು ಎಂದು ಕೇಳಿದರು. ಗಂಡ ಇಲ್ಲದವಳ ಕೈಯದು ಎಂದಿದ್ದರೆ ಯಾರೂ ಉಡಿಯಲ್ಲಿ ಹಾಕಿಸಿಕೊಳ್ಳುತ್ತಿರಲಿಲ್ಲ. ಅವ್ವ ನನ್ನ ಹೆಗಲ ಮೇಲೆ ಕೈಯಿಟ್ಟು, "ನಮ್ಮಾಕೀನ ಮಾಡ್ಯಾಳ್ರಿ" ಅಂದಳು. ನಾನು ನಿಜ ಹೇಳಬಹುದಿತ್ತು. ಬದಲಿಗೆ ನೀರು ಆರಿಸುವುದು, ಐದು ಎಣಿಸುವುದು ಎಲ್ಲವನ್ನೂ ಮೌಶಿಯ ಮಾತಿನಲ್ಲೇ ವಿವರಿಸಿದೆ. ಹೊಗಳಿಕೆ ಅಷ್ಟು ರುಚಿಸಿತ್ತು. ಗೆದ್ದಲು ಕಟ್ಟಿದ ಹುತ್ತದೊಳಗೆ ಹಾವು ಸೇರಿಕೊಂಡಂತೆ ಎನ್ನುತ್ತಾರಲ್ಲ, ಆ ಹಾವು ನಾನೇ.

ತಿರುಗಿ ನೋಡಿದರೆ ಬಾಗಿಲ ಹೊರಗೆ ಮೌಶಿ. ಒಣಗದೆ ಉಳಿದಿದ್ದ ಎರಡು ಖಣಗಳನ್ನು ಇಸ್ತ್ರಿ ಮಾಡಿ ತಂದಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಬಂದವರಲ್ಲೊಬ್ಬರು, ಹುಡುಗಿಗೆ ಕಲಿಸಿದವರು ನೀವೇನು ಎಂದು ಆಕೆಯನ್ನೇ ಕೇಳಿದರು. ಮೌಶಿ ಹೊಸ್ತಿಲು ದಾಟಲಿಲ್ಲ.

"ಇಲ್ರಿ, ಎಲ್ಲಾ ಈಕೀನ ಮಾಡ್ಯಾಳ. ನಾ ಬರೇ ಕಾಯಿಪಲ್ಯ ಹೆಚ್ಚಿ ಕೊಟ್ಟೀನಿ."

ಖಣಗಳನ್ನು ನನ್ನ ಕೈಗಿತ್ತು ಮೇಲೆ ಹೋದಳು. ಆಕೆಯ ಉಗುರಿನ ಸಂದಿಯಲ್ಲಿ ಇನ್ನೂ ಬಣ್ಣವಿತ್ತು. ಅದು ಯಾರ ಕಣ್ಣಿಗೂ ಬೀಳಲಿಲ್ಲವೋ, ಬಿದ್ದೂ ಸುಮ್ಮನಿದ್ದರೋ...

ಎಂಟು ದಿನ ಬಿಟ್ಟು ಆಕೆಯ ಮನೆಗೆ ಹೋದೆ. ಚಹಾ ಕೊಟ್ಟಳು, ಪರೀಕ್ಷೆ ಯಾವಾಗ ಎಂದು ವಿಚಾರಿಸಿದಳು. ಬಣ್ಣದ ಡಬ್ಬಿ ಮಾತ್ರ ತೆಗೆಯಲಿಲ್ಲ. ಮರುವರ್ಷ ತಮ್ಮನ ಮನೆಗೆಂದು ರಾಯಚೂರಿಗೆ ಹೋದಳು. ಹೋಗಿ ತಪ್ಪಾಯಿತು ಎನ್ನಬೇಕು, ಇವತ್ತು ಹೋಗುತ್ತೇನೆ ನಾಳೆ ಹೋಗುತ್ತೇನೆ ಎನ್ನುತ್ತಲೇ ವರ್ಷಗಳು ಕಳೆದವು. ಆಕೆ ತೀರಿಕೊಂಡ ಸುದ್ದಿ ನಮಗೆ ತಲುಪಿದ್ದು ತಿಂಗಳ ಮೇಲೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆಗಿದ್ದಾಳೆ. ನಾಳೆ ನಮ್ಮ ಮನೆಯಲ್ಲಿ ಅರಿಷಿಣ-ಕುಂಕುಮ. ಸಂಜೆ ನೋಡಿದರೆ ಅವ್ವ ತನ್ನ ಚಾಪೆ, ನೀರಿನ ತಂಬಿಗೆಯನ್ನು ಒಳಕೋಣೆಗೆ ಸಾಗಿಸುತ್ತಿದ್ದಳು. ಈಗ ಅದನ್ನೆಲ್ಲ ಯಾರು ನೋಡುತ್ತಾರೆ, ಹೊರಗೇ ಕೂಡು, ಮೊದಲ ಕುಂಕುಮ ನಿನಗೇ ಎಂದೆ. ಅವ್ವ ಚಾಪೆಯನ್ನು ಒಳಗೇ ಹಾಸಿದಳು.

"ಆಕೀನ್ನ ನಾ ಒಳಗ ಕರೀಲಿಲ್ಲ. ಈಗ ಯಾವ ಮುಖ ತಗೊಂಡು ಹೊರಗ ಕೂಡ್ಲಿ?"

ಮೌಶಿಯನ್ನು ಕರೆಯದವಳು ಅವ್ವ. ಆಕೆಯ ಕೆಲಸವನ್ನು ನನ್ನದೆಂದವಳು ನಾನು. ನಾಳೆ ಹೊರಗೆ ಕೂತು ಎಲ್ಲರ ಉಡಿ ತುಂಬುವವಳೂ ನಾನೇ.